ಪ್ರಾಯೋಜಕರ ಪತ್ರವನ್ನು ಪರೀಕ್ಷಿಸುವ ಬಗೆ

ಕಾಲೇಜು ವಿದ್ಯಾರ್ಥಿನಿಯೊಬ್ಬಳು ಭೌತಶಾಸ್ತ್ರದ ಸರಳ ಪ್ರಯೋಗಗಳನ್ನು ಕನ್ನಡದಲ್ಲಿ ವಿವರಿಸಿ, ಆ ವೀಡಿಯೊಗಳನ್ನು ಯೂಟ್ಯೂಬಿನಲ್ಲಿ ಪ್ರಕಟಿಸುತ್ತಿರುವಳೆಂದು ಭಾವಿಸೋಣ. ನೋಡುವವರು ಎರಡು ಮೂರು ಸಾವಿರ ಮಂದಿ ಮಾತ್ರ. ಒಂದು ದಿನ ಅವಳಿಗೆ ಅಪರಿಚಿತ ಸಂಸ್ಥೆಯೊಂದರಿಂದ ಇ-ಮೇಲ್ ಬರುತ್ತದೆ: “ನಮ್ಮ ಸರಕನ್ನು ಕುರಿತು ಎರಡು ಒಳ್ಳೆಯ ಮಾತು ಹೇಳಿರಿ, 7,000 ರೂಪಾಯಿ ಕೊಡುತ್ತೇವೆ.” ಅವಳ ಮನಸ್ಸು ಹಿಗ್ಗುವುದು ಸಹಜವೇ. ಆದರೆ ಪ್ರಯೋಗಶಾಲೆಯಲ್ಲಿ ಹೆಸರು ತಿಳಿಯದ ದ್ರವವನ್ನು ಯಾರೂ ನಾಲಗೆಗೆ ಹಚ್ಚಿಕೊಳ್ಳುವುದಿಲ್ಲ, ಮೊದಲು ಪರೀಕ್ಷಿಸುತ್ತಾರೆ. ಇಂತಹ ಪತ್ರಕ್ಕೂ ಆ ಕ್ರಮವೇ ಸಲ್ಲತಕ್ಕದ್ದು. ಕೇಳಬೇಕಾದ ಪ್ರಶ್ನೆಗಳು ಮೂರು: ಪತ್ರ ನಿಜವಾದುದೇ? ಬೆಲೆ ನ್ಯಾಯವಾದುದೇ? ಹೇಳಬೇಕಾದ ಮಾತು ಸತ್ಯವೇ?

ಪತ್ರದ ಪರೀಕ್ಷೆ

ಗೂಗಲ್ ಸಂಸ್ಥೆಯ ಭದ್ರತಾ ಸಂಶೋಧಕರು 2021ರ ಅಕ್ಟೋಬರಿನಲ್ಲಿ ಒಂದು ವರದಿಯನ್ನು ಪ್ರಕಟಿಸಿದರು. ಯೂಟ್ಯೂಬ್ ಚಾನೆಲ್‌ಗಳನ್ನು ಅಪಹರಿಸುವ ಕಳ್ಳರು 2019ರ ಕೊನೆಯಿಂದಲೂ ಜಾಹೀರಾತು ಕೊಡುವವರ ವೇಷದಲ್ಲಿ ಪತ್ರ ಬರೆಯುತ್ತಿದ್ದರೆಂಬುದು ಅದರಿಂದ ತಿಳಿದುಬಂದಿತು. ಒಪ್ಪಿದವರಿಗೆ ಅವರು ಯಾವುದೋ ತಂತ್ರಾಂಶವನ್ನು ಕಳುಹಿಸುತ್ತಿದ್ದರು. ಅದನ್ನು ತೆರೆದೊಡನೆ ಕಂಪ್ಯೂಟರಿನೊಳಗಿನ ‘ಕುಕೀ’ಗಳು ಕಳುವಾಗುತ್ತಿದ್ದವು.

ಈ ಕುಕೀ ಎಂದರೇನು? ನಾಟಕದ ನಡುವೆ ಹೊರಗೆ ಹೋಗುವವರಿಗೆ ಬಾಗಿಲು ಕಾಯುವವನು ಒಂದು ಚೀಟಿ ಕೊಡುವುದುಂಟು. ಮರಳಿ ಬಂದಾಗ ಅದನ್ನು ತೋರಿಸಿದರೆ ಸಾಕು. ಟಿಕೆಟನ್ನು ಮತ್ತೆ ಕೇಳುವುದಿಲ್ಲ. ನೀವು ಪಾಸ್‌ವರ್ಡ್ ಕೊಟ್ಟು ಒಳಗೆ ಹೋದ ಮೇಲೆ ಜಾಲತಾಣವು ನಿಮ್ಮ ಬ್ರೌಸರಿಗೆ ಅಂತಹುದೇ ಒಂದು ಗುಪ್ತ ಚೀಟಿಯನ್ನು ಕೊಡುತ್ತದೆ. ಅದು ಕಳ್ಳನ ಕೈಸೇರಿದರೆ ಅವನಿಗೆ ಪಾಸ್‌ವರ್ಡೂ ಬೇಡ, ಮೊಬೈಲಿಗೆ ಬರುವ ಸಂಕೇತಾಂಕವೂ ಬೇಡ. ಒಂದೂವರೆ ಕೋಟಿ ಚಂದಾದಾರರಿದ್ದ ‘ಲೈನಸ್ ಟೆಕ್ ಟಿಪ್ಸ್’ ಎಂಬ ಕೆನಡಾ ದೇಶದ ಚಾನೆಲ್ ಕೂಡ 2023ರ ಮಾರ್ಚ್‌ನಲ್ಲಿ ಈ ಬಗೆಯಲ್ಲಿಯೇ ಕೈತಪ್ಪಿತ್ತು. ಪ್ರಾಯೋಜಕರ ಪತ್ರದೊಂದಿಗೆ ಬಂದ ಕಡತವನ್ನು ಅಲ್ಲಿಯ ನೌಕರರೊಬ್ಬರು ತೆರೆದುದೇ ಅದಕ್ಕೆ ಕಾರಣ.

ಆದುದರಿಂದ ಪತ್ರದಲ್ಲಿರುವ ಕೊಂಡಿಯನ್ನಾಗಲಿ ಕಡತವನ್ನಾಗಲಿ ಮುಟ್ಟುವ ಮೊದಲು, ಆ ಸಂಸ್ಥೆಯ ಜಾಲತಾಣವನ್ನು ನೀವೇ ಹುಡುಕಿ, ಅಲ್ಲಿ ಕೊಟ್ಟಿರುವ ವಿಳಾಸಕ್ಕೆ ಬರೆದು ವಿಚಾರಿಸಿರಿ. ಕರಾರು ಪತ್ರವೆಂದು ಬಂದ ಕಡತದ ಹೆಸರು ‘ಇಎಕ್ಸ್‌ಇ’ ಅಥವಾ ‘ಎಸ್‌ಸಿಆರ್’ ಎಂಬ ಅಕ್ಷರಗಳಲ್ಲಿ ಮುಗಿದರೆ ಅದು ಕಾಗದವಲ್ಲ, ಕಂಪ್ಯೂಟರನ್ನು ನಡೆಸುವ ಆಜ್ಞೆಗಳ ಕಟ್ಟು ಎಂದು ತಿಳಿಯಿರಿ. ತಪ್ಪಿ ತೆರೆದಿದ್ದರೆ ಒಡನೆಯೇ ಬೇರೊಂದು ಸಾಧನದಿಂದ ನಿಮ್ಮ ಖಾತೆಯನ್ನು ಪ್ರವೇಶಿಸಿ, ಎಲ್ಲ ಸಾಧನಗಳಿಂದಲೂ ಅದನ್ನು ಹೊರಬರುವಂತೆ ಮಾಡಿರಿ, ಪಾಸ್‌ವರ್ಡನ್ನೂ ಬದಲಾಯಿಸಿರಿ. ಆಗ ಹಳೆಯ ಚೀಟಿ ರದ್ದಾಗುತ್ತದೆ.

ಬೆಲೆಯ ಲೆಕ್ಕ

ಪತ್ರ ನಿಜವೆಂದೇ ಇಟ್ಟುಕೊಳ್ಳೋಣ. ನಮ್ಮ ವಿದ್ಯಾರ್ಥಿನಿಯ ಕಳೆದ ಒಂಬತ್ತು ವೀಡಿಯೊಗಳನ್ನು ನೋಡಿದವರ ಸಂಖ್ಯೆ ಹೀಗಿದೆ: 1,800, 2,000, 2,100, 2,200, 2,400, 2,500, 2,700, 2,900 ಮತ್ತು 44,400. ಒಟ್ಟು 63,000; ಸರಾಸರಿ 7,000. ಸಂಸ್ಥೆಯು ಇದನ್ನೇ ಹಿಡಿದು, “7,000 ಮಂದಿ ನೋಡಿದರೆ 7,000 ರೂಪಾಯಿ, ಕಡಿಮೆಯಾದರೆ ಆ ಪ್ರಮಾಣದಲ್ಲಿ ಕಡಿಮೆ” ಎನ್ನುತ್ತದೆ. ಆದರೆ ಎಂಟು ವೀಡಿಯೊಗಳಲ್ಲಿ ಒಂದಾದರೂ ಆ ಸರಾಸರಿಯ ಅರ್ಧವನ್ನು ಮುಟ್ಟಿಲ್ಲ! ಅಕಸ್ಮಾತ್ತಾಗಿ ಹೆಸರಾದ ಒಂದೇ ವೀಡಿಯೊ ಸರಾಸರಿಯನ್ನು ಮೇಲಕ್ಕೆ ಎಳೆದಿದೆ. ಇಂತಹ ಕಡೆ ಅಂಕಿಗಳನ್ನು ಏರಿಕೆಯ ಕ್ರಮದಲ್ಲಿಟ್ಟು ನಡುವಿನದನ್ನು, ಅಂದರೆ ಮಧ್ಯಾಂಕವನ್ನು, ತೆಗೆದುಕೊಳ್ಳಬೇಕು. ಅದು 2,400. ಆದಕಾರಣ ಅವಳು ನಿರೀಕ್ಷಿಸಬಹುದಾದುದು ಸುಮಾರು 2,400 ರೂಪಾಯಿ ಮಾತ್ರ. ವೀಡಿಯೊ ಸಿದ್ಧಪಡಿಸಲು 12 ಗಂಟೆ ಹಿಡಿದರೆ ಗಂಟೆಗೆ 200 ರೂಪಾಯಿ ಆಯಿತು.

ಕೆಲವರು ನಿಶ್ಚಿತ ಹಣವನ್ನೇ ಕೊಡದೆ, ಮಾರಾಟವಾದಷ್ಟಕ್ಕೆ ಕಮಿಷನ್ ಕೊಡುತ್ತೇವೆ ಎನ್ನುತ್ತಾರೆ. ನೋಡಿದ 2,400 ಮಂದಿಯಲ್ಲಿ ನೂರಕ್ಕೆ ಒಬ್ಬರು ಕೊಂಡಿಯನ್ನು ಒತ್ತಿ, ಅವರಲ್ಲಿ ಇಪ್ಪತ್ತಕ್ಕೆ ಒಬ್ಬರು ಸರಕನ್ನು ಕೊಂಡರೆಂದು ಊಹಿಸಿರಿ. 2,400ನ್ನು 100ರಿಂದಲೂ 20ರಿಂದಲೂ ಭಾಗಿಸಿದರೆ ಉಳಿಯುವುದು 1.2. ಮಾರಾಟವೊಂದಕ್ಕೆ 50 ರೂಪಾಯಿ ಕಮಿಷನ್ ಎಂದರೂ ದೊರೆಯುವುದು 60 ರೂಪಾಯಿ! ಇಷ್ಟಾಗಿಯೂ ಕರಾರಿನಲ್ಲಿ, “ಈ ವೀಡಿಯೊವನ್ನು ನಾವು ಎಂದೆಂದಿಗೂ ಎಲ್ಲಿಯಾದರೂ ಬಳಸಬಹುದು”, “ಒಂದು ವರ್ಷ ನೀವು ಬೇರೆಯವರ ಇಂತಹ ಸರಕನ್ನು ಹೊಗಳಕೂಡದು” ಎಂಬ ಮಾತುಗಳು ಅಡಗಿರಬಹುದು. ಆ ಹಕ್ಕುಗಳಿಗೆ ಬೇರೆ ಬೆಲೆಯುಂಟು. ಅವುಗಳನ್ನು ಪುಕ್ಕಟೆಯಾಗಿ ಬಿಟ್ಟುಕೊಡಬಾರದು.

ಮಾತಿನ ಹೊಣೆ

ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದುದು. ಭಾರತದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಸರಕನ್ನು ತಯಾರಿಸಿದವನನ್ನು ಮಾತ್ರವಲ್ಲ, ಅದನ್ನು ಹೊಗಳಿದವನನ್ನೂ ಹೊಣೆಗಾರನನ್ನಾಗಿ ಮಾಡಿದೆ. ಸುಳ್ಳು ಜಾಹೀರಾತಿಗೆ 10 ಲಕ್ಷ ರೂಪಾಯಿಯವರೆಗೆ ದಂಡ. ಮತ್ತೆ ತಪ್ಪಿದರೆ 50 ಲಕ್ಷದವರೆಗೆ. ಒಂದು ವರ್ಷದವರೆಗೆ ಯಾವ ಸರಕನ್ನೂ ಹೊಗಳದಂತೆ ನಿಷೇಧಿಸಲೂಬಹುದು. ಹಣ, ಉಡುಗೊರೆ ಅಥವಾ ಪುಕ್ಕಟೆ ಸರಕನ್ನು ಪಡೆದಿದ್ದರೆ ಆ ಸಂಗತಿಯನ್ನು ನೋಡುಗರಿಗೆ ಎದ್ದು ಕಾಣುವಂತೆ ತಿಳಿಸಬೇಕೆಂದು ಕೇಂದ್ರ ಸರ್ಕಾರವು 2023ರ ಜನವರಿಯಲ್ಲಿ ಸೂಚಿಸಿತು. ಹಣವನ್ನು ಪಣವಾಗಿಟ್ಟು ಆಡುವ ಆನ್‌ಲೈನ್ ಆಟಗಳ ವಿಷಯವಂತೂ ಇನ್ನೂ ಕಠಿಣ: 2025ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯಂತೆ ಅವುಗಳ ಜಾಹೀರಾತಿಗೆ ಎರಡು ವರ್ಷದವರೆಗೆ ಸೆರೆವಾಸ, 50 ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು.

ಆದರೆ 2019ರ ಕಾಯಿದೆಯಲ್ಲಿಯೇ ಒಂದು ಆಶ್ರಯವೂ ಉಂಟು. ಜಾಹೀರಾತಿನ ಮಾತು ಸತ್ಯವೇ ಎಂಬುದನ್ನು ತಕ್ಕ ಎಚ್ಚರಿಕೆಯಿಂದ ಪರೀಕ್ಷಿಸಿದವನಿಗೆ ಆ ದಂಡವಿಲ್ಲ. “ಈ ಪುಡಿಯನ್ನು ಸೇವಿಸಿದರೆ ಜ್ಞಾಪಕಶಕ್ತಿ ಇಮ್ಮಡಿಯಾಗುತ್ತದೆ” ಎಂದು ಹೇಳಬೇಕಾದಲ್ಲಿ ಆಧಾರವನ್ನು ಕೇಳಿರಿ. ಯಾರ ಮೇಲೆ, ಎಷ್ಟು ಮಂದಿಯ ಮೇಲೆ ಪರೀಕ್ಷೆ ನಡೆಯಿತು? ಪುಡಿ ಸೇವಿಸದವರೊಡನೆ ಹೋಲಿಸಿ ನೋಡಿದರೇ? ಉತ್ತರ ಬಾರದಿದ್ದರೆ ಪತ್ರವನ್ನು ಬದಿಗಿಡುವುದೇ ಲೇಸು.

ನಮ್ಮ ವಿದ್ಯಾರ್ಥಿನಿಯ ಪ್ರಯೋಗಗಳನ್ನು ನೋಡುವ ಆ 2,400 ಮಂದಿ ಅವಳ ಮಾತನ್ನು ನಂಬಿರುವುದು ಅವಳು ಅಳೆದು ನೋಡಿದ ಮೇಲೆಯೇ ಹೇಳುವಳೆಂಬ ಕಾರಣದಿಂದ. ಪ್ರಾಯೋಜಕನು ಕೊಳ್ಳಬಯಸುವುದು ಆ ನಂಬಿಕೆಯನ್ನೇ. ಆದುದರಿಂದ ಅಳೆಯದೆ ಅದನ್ನು ಮಾರತಕ್ಕದ್ದಲ್ಲ.