ನಿಂತ ಗಾಡಿಗೆ ತಕ್ಕ ಬ್ಯಾಟರಿ

ಲೋಕದಲ್ಲಿ ಕೆಲವು ಪದಾರ್ಥಗಳು ಬಳಸಿದಷ್ಟೂ ಸವೆಯುತ್ತವೆ. ಮತ್ತೆ ಕೆಲವು ಬಳಸದೆ ಇಟ್ಟಷ್ಟೂ ಕೆಡುತ್ತವೆ. ಚಪ್ಪಲಿ, ಒನಕೆ, ಬೀಸುವ ಕಲ್ಲು ಮೊದಲನೆಯ ವರ್ಗದವು. ಸೇದದ ಬಾವಿ, ಚಿಂತನೆಯಿಲ್ಲದ ವಿದ್ಯೆ, ಮೋಟಾರು ಗಾಡಿಯ ಬ್ಯಾಟರಿ ಇವು ಎರಡನೆಯ ವರ್ಗದವು. ವರ್ಷದ ಬಹುಭಾಗ ಷೆಡ್ಡಿನಲ್ಲಿ ನಿಂತಿದ್ದು, ಹಿತವಾದ ಹವೆಯ ದಿನಗಳಲ್ಲಿ ಮಾತ್ರ ಹೊರಬೀಳುವ ಸ್ಪೋರ್ಟ್ಸ್ ಕಾರುಗಳಲ್ಲಿ ಈ ಮಾತು ಚೆನ್ನಾಗಿ ಅನುಭವಕ್ಕೆ ಬರುತ್ತದೆ. ಅವುಗಳ ಒಡೆಯರಲ್ಲಿ ಅನೇಕರು ಬ್ಯಾಟರಿ ಸತ್ತಾಗಲೆಲ್ಲ ಮೊದಲಿನದಕ್ಕಿಂತ ಬಲವಾದುದನ್ನು ಕೊಂಡು ತರುತ್ತಾರೆ. ಅದೂ ಒಂದೆರಡು ವರ್ಷಗಳಲ್ಲಿ ಹಿಂದಿನದರ ದಾರಿಯನ್ನೇ ಹಿಡಿಯುತ್ತದೆ. ರೋಗದ ನಿದಾನವನ್ನು ಅರಿಯದೆ ಔಷಧದ ಪ್ರಮಾಣವನ್ನು ಮಾತ್ರ ಹೆಚ್ಚಿಸಿದರೆ ಗುಣವಾಗುವುದೆಂತು? ಆದುದರಿಂದ ಇಂತಹ ಗಾಡಿಗೆ ಹೊಸ ಬ್ಯಾಟರಿಯನ್ನು ಆರಿಸುವ ಕ್ರಮವನ್ನು ಇಲ್ಲಿ ಸ್ವಲ್ಪ ವಿಚಾರಿಸೋಣ.

ಉದಾಹರಣೆಗಾಗಿ ಒಂದು ಪ್ರಸಿದ್ಧ ಗಾಡಿಯನ್ನು ತೆಗೆದುಕೊಳ್ಳುವೆವು. ಜಪಾನಿನ ಮಾಜ್ದಾ ಸಂಸ್ಥೆಯವರು 1989ರ ಫೆಬ್ರವರಿಯಲ್ಲಿ ಅಮೆರಿಕದ ಶಿಕಾಗೋ ಪ್ರದರ್ಶನದಲ್ಲಿ ಎಂ.ಎಕ್ಸ್.-5 ಎಂಬ ಎರಡೇ ಆಸನದ, ಮಾಡನ್ನು ಮಡಿಸಬಹುದಾದ ಚಿಕ್ಕ ಕಾರನ್ನು ಲೋಕದ ಮುಂದಿಟ್ಟರು. 2016ರ ಏಪ್ರಿಲ್ ವೇಳೆಗೆ ಇಂತಹ ಗಾಡಿಗಳು ಹತ್ತು ಲಕ್ಷ ತಯಾರಾಗಿದ್ದುವು. ಇಂಗ್ಲೆಂಡು, ಅಮೆರಿಕ ಮೊದಲಾದ ದೇಶಗಳಲ್ಲಿ ಇದನ್ನು ಎರಡನೆಯ ಗಾಡಿಯಾಗಿ ಇಟ್ಟುಕೊಂಡಿರುವವರು ಬಹಳ. ಚಳಿಗಾಲದಲ್ಲಿ ಅಲ್ಲಿನ ರಸ್ತೆಗಳಿಗೆ ಹಿಮ ಕರಗಲೆಂದು ಉಪ್ಪು ಚೆಲ್ಲುವುದರಿಂದ, ತುಕ್ಕಿಗೆ ಅಂಜಿ, ಗಾಡಿಯನ್ನು ತಿಂಗಳುಗಟ್ಟಲೆ ಒಳಗೆ ನಿಲ್ಲಿಸಿಬಿಡುತ್ತಾರೆ. ವಸಂತದಲ್ಲಿ ಬೀಗದ ಕೈ ತಿರುಗಿಸಿದರೆ ಟಿಕ್ ಟಿಕ್ ಎಂಬ ಸದ್ದಲ್ಲದೆ ಬೇರೆ ಉತ್ತರವಿಲ್ಲ.

ಕಾರಣವನ್ನು ತಿಳಿಯಬೇಕಾದರೆ ಬ್ಯಾಟರಿಯ ಒಳಗನ್ನು ನೋಡಬೇಕು. 1859ರಲ್ಲಿ ಗಾಸ್ತೋ ಪ್ಲಾಂಟೆ ಎಂಬ ಫ್ರೆಂಚ್ ವಿಜ್ಞಾನಿ ಸೀಸದ ತಗಡುಗಳನ್ನು ಗಂಧಕಾಮ್ಲದಲ್ಲಿ ಮುಳುಗಿಸಿ, ವಿದ್ಯುತ್ತನ್ನು ತುಂಬಿಡಬಹುದೆಂದು ತೋರಿಸಿದನು. 1912ರಲ್ಲಿ ಕ್ಯಾಡಿಲಾಕ್ ಗಾಡಿಗಳಿಗೆ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ಬಂದ ಮೇಲೆ, ಕೈಯಿಂದ ತಿರುಗಿಸುವ ಹ್ಯಾಂಡಲು ಕ್ರಮೇಣ ಮಾಯವಾಯಿತು. ಬ್ಯಾಟರಿಯು ಮೋಟಾರು ಗಾಡಿಯ ಅವಿಭಾಜ್ಯ ಅಂಗವಾಯಿತು. ಸಾಮಾನ್ಯವಾದ ಬ್ಯಾಟರಿಯಲ್ಲಿ ಆರು ಕೋಶಗಳಿದ್ದು, ಒಂದೊಂದರಲ್ಲಿಯೂ ಎರಡು ವೋಲ್ಟಿಗಿಂತ ಸ್ವಲ್ಪ ಹೆಚ್ಚಿನ ಒತ್ತಡವಿರುತ್ತದೆ. ಪೂರ್ಣವಾಗಿ ತುಂಬಿ, ಕೆಲವು ಗಂಟೆ ವಿಶ್ರಮಿಸಿದ ಬ್ಯಾಟರಿಯಲ್ಲಿ 12.6ರಿಂದ 12.7 ವೋಲ್ಟ್ ಕಾಣುತ್ತದೆ. 12.4 ಎಂದರೆ ಮುಕ್ಕಾಲು ಪಾಲು, 12.2 ಎಂದರೆ ಅರ್ಧ; 12 ಎಂದರೆ ಹೆಚ್ಚು ಕಡಮೆ ಕಾಲು ಪಾಲು ಮಾತ್ರ ಉಳಿದಿದೆಯೆಂದು ತಿಳಿಯಬೇಕು.

ನಿಂತ ಗಾಡಿಯ ಬ್ಯಾಟರಿಗೆ ಮೂವರು ಶತ್ರುಗಳು. ಮೊದಲನೆಯದು ಸ್ವಯಂಕ್ಷಯ: ಯಾರೂ ಮುಟ್ಟದಿದ್ದರೂ ಒಳಗಿನ ರಾಸಾಯನಿಕ ಕ್ರಿಯೆಯಿಂದ ತುಂಬಿದ್ದು ಮೆಲ್ಲಮೆಲ್ಲನೆ ಕರಗುತ್ತದೆ. ಸೆಕೆ ಹೆಚ್ಚಿದಷ್ಟೂ ಈ ಕ್ಷಯವೂ ಹೆಚ್ಚು. ಎರಡನೆಯದು ಗಾಡಿಯ ಗುಪ್ತವ್ಯಯ: ಗಡಿಯಾರ, ರೇಡಿಯೋ, ಕಳ್ಳರ ಎಚ್ಚರಿಕೆಯ ಗಂಟೆ, ಯಂತ್ರವನ್ನು ನಿಯಂತ್ರಿಸುವ ಗಣಕ ಇವೆಲ್ಲ ಗಾಡಿ ನಿದ್ರಿಸುತ್ತಿರುವಾಗಲೂ ಕೊಂಚಕೊಂಚ ಹೀರುತ್ತಲೇ ಇರುತ್ತವೆ. ಸುಸ್ಥಿತಿಯಲ್ಲಿರುವ ಗಾಡಿಗಳಲ್ಲಿ ಇದು ಸಾಮಾನ್ಯವಾಗಿ 50 ಮಿಲಿಆಂಪಿಯರನ್ನು ಮೀರುವುದಿಲ್ಲ. 20 ಎಂದೇ ಇಟ್ಟುಕೊಳ್ಳೋಣ. ದಿನಕ್ಕೆ 0.48 ಆಂಪಿಯರ್-ಗಂಟೆ, ಮೂವತ್ತು ದಿನಕ್ಕೆ 14.4. ಎಂ.ಎಕ್ಸ್.-5ರ ಮೂಲ ಬ್ಯಾಟರಿಯ ಸಾಮರ್ಥ್ಯವೇ ಸುಮಾರು 32 ಆಂಪಿಯರ್-ಗಂಟೆ. ಎಂದರೆ ಒಂದು ತಿಂಗಳಿಗೆ ಅರ್ಧದಷ್ಟು ಹೋಯಿತು. 50 ಮಿಲಿಆಂಪಿಯರ್ ಆಗಿದ್ದರೆ ತಿಂಗಳಿಗೆ 36. ಬ್ಯಾಟರಿಯಲ್ಲಿ ಇರುವುದಕ್ಕಿಂತ ಖರ್ಚೇ ಹೆಚ್ಚು. ಕೂತು ಉಂಡರೆ ಕುಡಿಕೆ ಹೊನ್ನು ಸಾಲದೆಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ.

ಮೂರನೆಯ ಶತ್ರುವೇ ಮಾರಕನು. ಬ್ಯಾಟರಿ ಬರಿದಾದಾಗ ತಗಡುಗಳ ಮೇಲೆ ಸೀಸದ ಸಲ್ಫೇಟು ಕೂಡುವುದು ಸಹಜ. ಕೂಡಲೆ ಮರಳಿ ತುಂಬಿದರೆ ಅದು ಕರಗಿಹೋಗುತ್ತದೆ. ಹಾಗೆಯೇ ವಾರಗಟ್ಟಲೆ ಬಿಟ್ಟರೆ ಅದೇ ಗಟ್ಟಿಯಾದ ಹರಳುಗಳಾಗಿ ತಗಡನ್ನು ಮುಚ್ಚಿಕೊಳ್ಳುತ್ತದೆ. ಅನಂತರ ಎಷ್ಟು ತುಂಬಿದರೂ ಹಿಂದಿನ ಶಕ್ತಿ ಬಾರದು. ಬರಿದಾದ ಬ್ಯಾಟರಿಯ ಆಮ್ಲವು ನೀರಿನಂತೆ ತೆಳುವಾಗುವುದರಿಂದ, ಶೀತದೇಶಗಳಲ್ಲಿ ಅದು ಹೆಪ್ಪುಗಟ್ಟಿ ಪೆಟ್ಟಿಗೆಯೇ ಒಡೆಯುವುದೂ ಉಂಟು.

ಹೀಗಿರುವಾಗ ಹೊಸದನ್ನು ಆರಿಸುವುದು ಹೇಗೆ? ದಾನಕ್ಕೆ ದೇಶ, ಕಾಲ, ಪಾತ್ರಗಳನ್ನು ನೋಡಬೇಕೆಂದು ಹಿರಿಯರು ಹೇಳುವರಷ್ಟೆ. ಬ್ಯಾಟರಿಗೂ ಈ ಮೂರೇ ಅಳತೆಗೋಲು.

ದೇಶವೆಂದರೆ ಬ್ಯಾಟರಿ ಕೂರುವ ಸ್ಥಳ. ಎಂ.ಎಕ್ಸ್.-5ರ ಮೊದಲನೆಯ ಎರಡು ತಲೆಮಾರುಗಳಲ್ಲಿ, ಎಂದರೆ 2005ರವರೆಗೆ ಬಂದ ಗಾಡಿಗಳಲ್ಲಿ, ಮುಂದಿನ ಹಿಂದಿನ ಗಾಲಿಗಳ ಮೇಲೆ ಭಾರ ಸಮವಾಗಿ ಹಂಚಿಕೆಯಾಗಲೆಂದು ಬ್ಯಾಟರಿಯನ್ನು ಡಿಕ್ಕಿಯ ಬಲಮೂಲೆಯಲ್ಲಿ ಇಟ್ಟಿದ್ದಾರೆ. ಡಿಕ್ಕಿಯು ಮುಚ್ಚಿದ ಪೆಟ್ಟಿಗೆ. ತುಂಬುವಾಗ ಬ್ಯಾಟರಿಯಿಂದ ಜಲಜನಕವು ಹೊರಡುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕು ಪಾಲು ಸೇರಿದರೆ ಒಂದು ಕಿಡಿಗೆ ಹೊತ್ತಿಕೊಳ್ಳಬಲ್ಲುದು. ಆಮ್ಲದ ಆವಿ ತಗಡನ್ನು ತಿನ್ನುವುದು ಬೇರೆ. ಇದಕ್ಕಾಗಿಯೇ ತಯಾರಕರು ಮುಚ್ಚಿದ ಬಗೆಯ ಬ್ಯಾಟರಿಯನ್ನು ಕೂರಿಸಿ, ಅನಿಲವನ್ನು ಗಾಡಿಯಿಂದಾಚೆಗೆ ಒಯ್ಯುವ ನಳಿಕೆಗಳನ್ನು ಜೋಡಿಸಿದ್ದಾರೆ. ಅಗ್ಗವೆಂದು ನಳಿಕೆಗೆ ಬಾಯಿಲ್ಲದ ಯಾವುದೋ ಬ್ಯಾಟರಿಯನ್ನು ಅಲ್ಲಿ ಇಡುವುದು ಕೇವಲ ಹಣದ ಪ್ರಶ್ನೆಯಲ್ಲ, ಮನೆಮಂದಿಯ ಕ್ಷೇಮದ ಪ್ರಶ್ನೆ.

ಕಾಲವೆಂದರೆ ಗಾಡಿ ನಿಲ್ಲುವ ಅವಧಿ ಮತ್ತು ಋತು. ವಾರಕ್ಕೊಮ್ಮೆ ದೂರ ಓಡುವ ಗಾಡಿಗೂ ಐದು ತಿಂಗಳು ಅಲುಗಾಡದ ಗಾಡಿಗೂ ಒಂದೇ ವಿಧಿ ಸಲ್ಲದು. ಬ್ಯಾಟರಿಯ ಮೇಲೆ ಸಿ.ಸಿ.ಎ. ಎಂಬ ಒಂದು ಅಂಕೆ ಅಚ್ಚಾಗಿರುತ್ತದೆ. ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಶೀತದಲ್ಲಿ, 30 ಸೆಕೆಂಡುಗಳ ಕಾಲ, 7.2 ವೋಲ್ಟಿಗೆ ಇಳಿಯದೆ ಅದು ಕೊಡಬಲ್ಲ ಪ್ರವಾಹವನ್ನು ಆ ಅಂಕೆ ಸೂಚಿಸುತ್ತದೆ. ಕಟುವಾದ ಚಳಿಯಲ್ಲಿ ಗಾಡಿ ಹೊರಡಿಸುವವನಿಗೆ ಇದು ಮುಖ್ಯ. ಬೇಸಗೆಯಲ್ಲಿ ಮಾತ್ರ ವಿಹರಿಸುವವನಿಗೆ ತಯಾರಕರು ಹೇಳಿದಷ್ಟಿದ್ದರೆ ಸಾಕು. ಅದಕ್ಕಿಂತ ದೊಡ್ಡ ಅಂಕೆಯಿಂದ ನಿಂತ ಗಾಡಿಗೆ ಆಗುವ ಲಾಭ ಅಲ್ಪ.

ಪಾತ್ರವೆಂದರೆ ಗಾಡಿ. ಬ್ಯಾಟರಿಯ ಉದ್ದಗಲ, ಎತ್ತರ, ಧನ ಋಣ ಧ್ರುವಗಳು ಇರುವ ಪಕ್ಕ, ಧ್ರುವಗಳ ದಪ್ಪ, ಬಿಗಿಯುವ ಪಟ್ಟಿ ಇವೆಲ್ಲ ಹೊಂದಬೇಕು. ತಂತಿಯನ್ನು ಎಳೆದು ಹಿಗ್ಗಿಸಿ ಜೋಡಿಸುವುದೂ, ಸಡಿಲವಾಗಿ ಅಲುಗುವಂತೆ ಇಡುವುದೂ ಅಪಾಯಕರ.

ಈಗ ಅಭ್ಯರ್ಥಿಗಳನ್ನು ನೋಡೋಣ. ಮೊದಲನೆಯದು ದ್ರವದ ಬ್ಯಾಟರಿ: ಅಗ್ಗವಾದದ್ದು, ಎಲ್ಲೆಡೆ ದೊರೆಯತಕ್ಕದ್ದು. ಯಂತ್ರದ ಬಳಿ ತೆರೆದ ಗಾಳಿಯಲ್ಲಿ ಕೂರುವ ಗಾಡಿಗಳಲ್ಲಿ ಇದಕ್ಕೆ ದೋಷವೆಣಿಸಬೇಕಾಗಿಲ್ಲ. ಆದರೆ ಸ್ವಯಂಕ್ಷಯ ಹೆಚ್ಚು, ವಾಲಿದರೆ ಚೆಲ್ಲುವ ಭಯವೂ ಉಂಟು, ಡಿಕ್ಕಿಗೆ ತಕ್ಕುದಲ್ಲ.

ಎರಡನೆಯದು 1970ರ ದಶಕದಿಂದ ಬೆಳೆದುಬಂದ ಏ.ಜಿ.ಎಂ. ಬಗೆ. ಇದರಲ್ಲಿಯೂ ಇರುವುದು ಸೀಸ ಮತ್ತು ಆಮ್ಲವೇ. ಆದರೆ ಆಮ್ಲವನ್ನು ಗಾಜಿನ ಎಳೆಗಳ ಹಾಸು ಹೀರಿಕೊಂಡಿರುವುದರಿಂದ ಚೆಲ್ಲುವುದಿಲ್ಲ. ಏಳುವ ಅನಿಲದ ಬಹುಭಾಗ ಒಳಗೇ ಮರಳಿ ನೀರಾಗುತ್ತದೆ. ಸ್ವಯಂಕ್ಷಯ ಕಡಮೆ. ಬೆಲೆ ಹೆಚ್ಚು, ಅಳತೆ ಮೀರಿದ ವೋಲ್ಟಿನಲ್ಲಿ ತುಂಬಿದರೆ ಬೇಗ ಕೆಡುತ್ತದೆ, ಕವಾಟ ತೆರೆದು ಅನಿಲವನ್ನೂ ಬಿಡುತ್ತದೆ. ಆದುದರಿಂದ ಮುಚ್ಚಿದ ಬ್ಯಾಟರಿಯೆಂದು ನಂಬಿ ನಳಿಕೆಗಳನ್ನು ಕಿತ್ತೊಗೆಯಲಾಗದು.

ಮೂರನೆಯದು ಲಿಥಿಯಮ್-ಕಬ್ಬಿಣ-ಫಾಸ್ಫೇಟಿನ ಬ್ಯಾಟರಿ. ಪಾಧಿ, ನಂಜುಂಡಸ್ವಾಮಿ, ಜಾನ್ ಗುಡ್‌ಎನಫ್ ಎಂಬ ಮೂವರು 1997ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಇದರ ಮೂಲದ್ರವ್ಯ ಬೆಳಕಿಗೆ ಬಂತು. ತೂಕದಲ್ಲಿ ಇದು ಸೀಸದ್ದರ ಅರ್ಧಕ್ಕಿಂತಲೂ ಹಗುರ; ಓಟದ ಪಂದ್ಯದವರಿಗೆ ಇದೊಂದು ವರ. ಸ್ವಯಂಕ್ಷಯವೂ ಅತ್ಯಲ್ಪ. ಹಾಗೆಂದು ಇದನ್ನು ನಿಂತ ಗಾಡಿಗೆ ಸಂಜೀವಿನಿಯೆಂದು ಭಾವಿಸತಕ್ಕದ್ದಲ್ಲ. ಗಡಿಯಾರ ಮತ್ತು ಗಣಕಗಳ ಗುಪ್ತವ್ಯಯ ಇದಕ್ಕೂ ತಪ್ಪದು. ಮಾರುವವರು ಕೆಲವೊಮ್ಮೆ ಸೀಸದ ಬ್ಯಾಟರಿಗೆ ಸಮಾನವೆಂದು ಬರೆಯುವ ದೊಡ್ಡ ಅಂಕೆಯ ಹಿಂದೆ ನಿಜವಾದ ಆಂಪಿಯರ್-ಗಂಟೆ ಬಹಳ ಕಡಮೆ ಇರುವುದುಂಟು. ಸೊನ್ನೆ ಡಿಗ್ರಿಗಿಂತ ಕೆಳಗೆ ಇದನ್ನು ತುಂಬಬಾರದು. ಪೂರ್ತಿ ಬರಿದಾದರೆ ಶಾಶ್ವತವಾಗಿ ಕೆಡಬಹುದು. ಇದಕ್ಕೆ ಒಪ್ಪುವ ಚಾರ್ಜರೇ ಬೇಕು.

ಆದುದರಿಂದ ಡಿಕ್ಕಿಯಲ್ಲಿ ಬ್ಯಾಟರಿಯುಳ್ಳ, ಅಪರೂಪಕ್ಕೆ ಓಡುವ ಇಂತಹ ಗಾಡಿಗೆ, ಮೂಲದ ಅಳತೆಯ, ನಳಿಕೆಗೆ ಬಾಯಿಯುಳ್ಳ ಏ.ಜಿ.ಎಂ. ಬ್ಯಾಟರಿಯೇ ಯುಕ್ತವೆಂದು ತೀರ್ಮಾನವಾಗುತ್ತದೆ. ಮಿಗುವ ಹಣವನ್ನು ಇನ್ನೂ ದೊಡ್ಡ ಬ್ಯಾಟರಿಗೆ ಸುರಿಯದೆ, ತುಂಬಿದ ಮೇಲೆ ತಾನಾಗಿಯೇ ಒತ್ತಡವನ್ನು ಇಳಿಸಿಕೊಂಡು ಕಾಯುವ ಒಳ್ಳೆಯ ಚಾರ್ಜರಿಗೆ ವ್ಯಯಿಸುವುದು ಲೇಸು. ಷೆಡ್ಡಿನಲ್ಲಿ ವಿದ್ಯುತ್ತಿಲ್ಲದವರು ಬ್ಯಾಟರಿಯನ್ನು ಪೂರ್ತಿ ತುಂಬಿ, ಋಣಧ್ರುವದ ತಂತಿಯನ್ನು ಬಿಚ್ಚಿಡಬಹುದು, ಗುಪ್ತವ್ಯಯ ನಿಲ್ಲುತ್ತದೆ. ಗಡಿಯಾರ ತಪ್ಪುವುದು, ರೇಡಿಯೋ ಗುಟ್ಟಿನ ಸಂಖ್ಯೆ ಕೇಳುವುದು ಇವಿಷ್ಟೇ ಅದರ ತೊಡಕು. ನಿಂತಲ್ಲಿಯೇ ಯಂತ್ರವನ್ನು ಐದು ನಿಮಿಷ ಗುರುಗುಟ್ಟಿಸುವ ಪದ್ಧತಿಯಿಂದ ಪ್ರಯೋಜನವಿಲ್ಲ. ಹೊರಡಿಸಲು ಖರ್ಚಾದದ್ದೂ ಅದರಿಂದ ಭರ್ತಿಯಾಗದಿರಬಹುದು. ಓಡಿಸುವುದಾದರೆ ಅರ್ಧ ಗಂಟೆಗೆ ಕಡಮೆಯಿಲ್ಲದಂತೆ ಓಡಿಸಬೇಕು.

ಕೊಳ್ಳುವ ಮುನ್ನ ಹಳೆಯದು ನಿಜವಾಗಿ ಸತ್ತಿದೆಯೆ ಎಂದು ಪರೀಕ್ಷಿಸಿರಿ. ಪೂರ್ತಿ ತುಂಬಿ, ಒಂದು ರಾತ್ರಿ ಬಿಟ್ಟು ಅಳೆದಾಗ 12.4ನ್ನೂ ಮುಟ್ಟದಿದ್ದರೆ, ಅಥವಾ ಸ್ಟಾರ್ಟರ್ ತಿರುಗುವಾಗ 9.6ಕ್ಕಿಂತ ಕೆಳಗೆ ಕುಸಿದರೆ, ಅದರ ಆಸೆ ಬಿಡಬಹುದು. ಅಂಗಡಿಯಲ್ಲಿ ತಯಾರಾದ ತಿಂಗಳನ್ನು ನೋಡಿರಿ. ಬಹಳ ಕಾಲ ಕಪಾಟಿನಲ್ಲಿ ನಿಂತದ್ದೂ ನಿಂತ ಗಾಡಿಯಲ್ಲಿದ್ದಂತೆಯೇ. ಮನೆಗೆ ತಂದ ಮೇಲೆ ಮೊದಲು ತುಂಬಿಸಿ, ಅನಂತರ ಕೂರಿಸಿರಿ. ಬಿಚ್ಚುವಾಗ ಋಣಧ್ರುವ ಮೊದಲು, ಜೋಡಿಸುವಾಗ ಅದು ಕೊನೆಗೆ; ಈ ಕ್ರಮ ತಪ್ಪಿದರೆ ಪಾನೆ ತಗಡಿಗೆ ತಾಗಿ ಕಿಡಿ ಹಾರೀತು. ಹಳೆಯದನ್ನು ತಿಪ್ಪೆಗೆ ಎಸೆಯದೆ ಅಂಗಡಿಗೇ ಮರಳಿಸಿರಿ. ಸೀಸವು ವಿಷ, ಮಕ್ಕಳಿಗಂತೂ ಮಹಾವಿಷ. ನಮ್ಮ ದೇಶದಲ್ಲಿ 2022ರ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಮರಳಿ ಸಂಗ್ರಹಿಸುವ ಹೊಣೆ ತಯಾರಕರ ಮೇಲಿದೆ.

ಸ್ಪೋರ್ಟ್ಸ್ ಕಾರಿನ ಮಾತು ನಮಗೇಕೆ ಎಂದು ವಾಚಕರಲ್ಲಿ ಯಾರಾದರೂ ಕೇಳಬಹುದು. 2020ರಲ್ಲಿ ದೇಶವೆಲ್ಲ ಮನೆಯೊಳಗೆ ಕುಳಿತಿದ್ದಾಗ ಬೀದಿಬೀದಿಗಳಲ್ಲಿ ಗಾಡಿಗಳು ಬ್ಯಾಟರಿ ಸತ್ತು ನಿಂತದ್ದನ್ನು ಅವರು ಮರೆತಿರಲಾರರು. ಗಾಡಿ ಯಾವುದಾದರೂ ನ್ಯಾಯ ಒಂದೇ. ತಿಂಗಳುಗಟ್ಟಲೆ ಮಗಳ ಮನೆಗೋ ಯಾತ್ರೆಗೋ ಹೊರಡುವವರು ಅಡಿಗೆಮನೆಯ ಅನಿಲವನ್ನು ನಿಲ್ಲಿಸಿ, ನಲ್ಲಿಗಳನ್ನು ಬಿಗಿದು, ಬಾಗಿಲಿಗೆ ಬೀಗ ಹಾಕುವಂತೆ, ಬ್ಯಾಟರಿಯ ಋಣತಂತಿಯನ್ನೂ ಒಮ್ಮೆ ನೆನೆದು ಬಿಚ್ಚಿಟ್ಟರೆ, ಹಿಂದಿರುಗಿದ ದಿನ ಗಾಡಿಯೂ ಮನೆಯಂತೆಯೇ ಅವರನ್ನು ಬರಮಾಡಿಕೊಳ್ಳುವುದು.