ಪೈಲಟ್ ಥಿಯರಿ ದೂರಶಿಕ್ಷಣ: ಹಣ ಕಟ್ಟುವ ಮುನ್ನ

ಪಿಯುಸಿ ಫಲಿತಾಂಶದ ಹೊತ್ತಿಗೆ ಮೊಬೈಲ್ ತೆರೆದರೆ ನೀಟ್, ಸಿಇಟಿ ಕೋಚಿಂಗ್‌ಗಳ ಜೊತೆಗೆ ಈಗ ಪೈಲಟ್ ಕೋರ್ಸ್‌ಗಳ ಜಾಹೀರಾತೂ ಬರುತ್ತದೆ. ಅದನ್ನು ತೋರಿಸಿ "ಸರ್, ಈ ಆನ್‌ಲೈನ್ ಕೋರ್ಸ್‌ಗೆ ಸೇರಬಹುದಾ?" ಎಂದು ಭೌತಶಾಸ್ತ್ರ ವಿಭಾಗಕ್ಕೆ ಬರುವವರಲ್ಲಿ ಹುಡುಗಿಯರೂ ಇದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವುದಕ್ಕಿಂತ ಎಲ್ಲರಿಗೂ ಒಟ್ಟಿಗೆ ಬರೆಯುತ್ತಿದ್ದೇನೆ.

ಮನೆಯಲ್ಲಿ ಕುಳಿತು ಪೈಲಟ್ ಆಗಲು ಸಾಧ್ಯವಿಲ್ಲ. ಪೈಲಟ್ ಆಗಲು ಬರೆಯಬೇಕಾದ ಪರೀಕ್ಷೆಗಳಿಗೆ ಮನೆಯಲ್ಲಿ ಕುಳಿತು ಓದಲು ಸಾಧ್ಯ. ನಮ್ಮ ದೇಶದಲ್ಲಿ ಸಂಬಳಕ್ಕೆ ವಿಮಾನ ಹಾರಿಸಲು ಬೇಕಾದದ್ದು ಸಿಪಿಎಲ್, ಅಂದರೆ ಕಮರ್ಷಿಯಲ್ ಪೈಲಟ್ ಲೈಸೆನ್ಸ್. ಅದಕ್ಕೆ 18 ವರ್ಷ ತುಂಬಿರಬೇಕು, 200 ಗಂಟೆ ಹಾರಾಟ ಆಗಿರಬೇಕು, ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ನಡೆಸುವ ಪತ್ರಿಕೆಗಳಲ್ಲಿ ಪಾಸಾಗಿರಬೇಕು. ಏರ್ ನ್ಯಾವಿಗೇಶನ್, ಮೀಟಿಯರಾಲಜಿ, ಏರ್ ರೆಗ್ಯುಲೇಶನ್ಸ್, ಟೆಕ್ನಿಕಲ್ ಜನರಲ್, ಟೆಕ್ನಿಕಲ್ ಸ್ಪೆಸಿಫಿಕ್ ಎಂಬ ಐದು ಪತ್ರಿಕೆಗಳು. ಜೊತೆಗೆ ರೇಡಿಯೋದಲ್ಲಿ ಮಾತನಾಡಲು ಆರ್‌ಟಿಆರ್ ಎಂಬ ಪ್ರತ್ಯೇಕ ಪರೀಕ್ಷೆ. ಪತ್ರಿಕೆಗಳಲ್ಲಿ ಪಾಸಾಗಲು 70 ಶೇಕಡಾ ಅಂಕ ಬೇಕು. ನಮ್ಮ ಪಿಯುಸಿಯ ಪಾಸ್ ಅಂಕದ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಈ ಪತ್ರಿಕೆಗಳನ್ನು ಬರೆಯಲು ಯಾವ ಕೋಚಿಂಗ್ ಸಂಸ್ಥೆಯ ಸರ್ಟಿಫಿಕೇಟೂ ಬೇಕಿಲ್ಲ. ಪುಸ್ತಕ ಕೊಂಡು ಸ್ವತಃ ಓದಿ ಬರೆಯುವವರೂ ಇದ್ದಾರೆ. ಹಾಗಾಗಿ ಕೋರ್ಸ್ ಮುಗಿದ ಮೇಲೆ ಸಿಗುವ ಬಣ್ಣದ ಪ್ರಮಾಣಪತ್ರಕ್ಕೆ ಹಣ ಕೊಡಬೇಡಿ. ಹಣ ಕೊಡಬೇಕಾದದ್ದು ಕಲಿಸುವವರಿಗೆ. ಯುರೋಪಿನಲ್ಲಿ ಕ್ರಮವೇ ಬೇರೆ. ಅಲ್ಲಿ ಎಟಿಪಿಎಲ್ ಥಿಯರಿ ಎಂದರೆ 13 ವಿಷಯ, ಪಾಸಾಗಲು 75 ಶೇಕಡಾ, ಮೊದಲ ಪ್ರಯತ್ನದಿಂದ 18 ತಿಂಗಳೊಳಗೆ ಎಲ್ಲ ಮುಗಿಸಬೇಕು. ಮಾನ್ಯತೆ ಪಡೆದ ಸಂಸ್ಥೆಯಲ್ಲೇ ಹೆಸರು ನೋಂದಾಯಿಸಬೇಕು, ದೂರಶಿಕ್ಷಣವಾದರೂ ಒಂದಷ್ಟು ಪಾಠವನ್ನು ತರಗತಿಯಲ್ಲಿ ಕುಳಿತೇ ಕೇಳಬೇಕು. ಆ ಜಾಹೀರಾತುಗಳೂ ನಿಮ್ಮ ಮೊಬೈಲಿಗೆ ಬರುತ್ತವೆ. ಆದರೆ ಅಲ್ಲಿ ಪಾಸಾದವರೂ ಭಾರತದ ಲೈಸೆನ್ಸ್ ಬೇಕೆಂದರೆ ಇಲ್ಲಿನ ಪತ್ರಿಕೆ ಬರೆಯಲೇಬೇಕು. ಇನ್ನು ಭಾರತದಲ್ಲಿ ಎಟಿಪಿಎಲ್ ಲೈಸೆನ್ಸ್ ಸಿಗುವುದು 21 ವರ್ಷ ತುಂಬಿ 1500 ಗಂಟೆ ಹಾರಿದ ಮೇಲೆ. ಪಿಯುಸಿ ಮುಗಿಸಿದವರಿಗೆ ಇಲ್ಲಿ ಎಟಿಪಿಎಲ್ ಪ್ಯಾಕೇಜ್ ಮಾರಲು ಬಂದರೆ ಯಾಕೆ ಎಂದು ಕೇಳಿ.

ಕೋರ್ಸ್‌ಗಿಂತ ಮೊದಲು ಎರಡು ಕೆಲಸ ಮುಗಿಸಿಕೊಳ್ಳಿ. ಒಂದು, ಡಿಜಿಸಿಎ ಪಟ್ಟಿಯಲ್ಲಿರುವ ವೈದ್ಯರಲ್ಲಿ ಕ್ಲಾಸ್ 2 ಮೆಡಿಕಲ್. ಕನ್ನಡಕ ಇದ್ದ ಮಾತ್ರಕ್ಕೆ ದಾರಿ ಮುಚ್ಚುವುದಿಲ್ಲ. ಆದರೆ ಬಣ್ಣ ಗುರುತಿಸುವ ತೊಂದರೆಯಂಥದ್ದು ಇದ್ದರೆ ಫೀಸು ಕಟ್ಟುವ ಮೊದಲೇ ಗೊತ್ತಾಗುವುದು ಒಳ್ಳೆಯದು. ಇನ್ನೊಂದು, ಡಿಜಿಸಿಎಯ 'ಪರೀಕ್ಷಾ' ಪೋರ್ಟಲಿನಲ್ಲಿ ಕಂಪ್ಯೂಟರ್ ನಂಬರ್‌ಗೆ ಅರ್ಜಿ. ಅದಿಲ್ಲದೆ ಯಾವ ಪತ್ರಿಕೆಯೂ ಇಲ್ಲ. ದ್ವಿತೀಯ ಪಿಯುಸಿಯ ಭೌತಶಾಸ್ತ್ರ ಮತ್ತು ಗಣಿತದ ಅಂಕಪಟ್ಟಿ, ಬೋರ್ಡ್‌ನಿಂದ ಅದರ ಪರಿಶೀಲನೆ ಎಲ್ಲ ಆಗಬೇಕಾದ್ದರಿಂದ ಬೇಗ ಹಾಕಿ. ಕಾಮರ್ಸ್‌ನವರು ಎನ್‌ಐಒಎಸ್ ಮೂಲಕ ಈ ಎರಡು ವಿಷಯ ಬರೆದು ಬರುವುದುಂಟು.

ಈಗ ಕೋರ್ಸ್ ಆರಿಸುವ ವಿಷಯ. ಎಲ್ಲರೂ ಒಂದು ಡೆಮೊ ತರಗತಿ ಕೊಡುತ್ತಾರೆ. ಅದರಲ್ಲಿ ನ್ಯಾವಿಗೇಶನ್ ಪಾಠವನ್ನೇ ಕೇಳಿ ನೋಡಿ, ಏಕೆಂದರೆ ಬಾಯಿಪಾಠದಿಂದ ದಾಟಲಾಗದ ಪತ್ರಿಕೆ ಅದು. ನಾನಾದರೆ ಶಿಕ್ಷಕರಿಗೆ ನಮಗೆಲ್ಲ ಗೊತ್ತಿರುವ ಒಂದು ಪ್ರಶ್ನೆ ಹಾಕುತ್ತೇನೆ: ಮಂಗಳೂರಿನಿಂದ ಮಕ್ಕಾ ಯಾವ ದಿಕ್ಕು? ಗೋಡೆಗೆ ತೂಗುಹಾಕುವ ಮರ್ಕೇಟರ್ ನಕ್ಷೆಯಲ್ಲಿ ಸ್ಕೇಲಿಟ್ಟು ನೇರ ಗೆರೆ ಎಳೆದರೆ ಸುಮಾರು 284 ಡಿಗ್ರಿ ಬರುತ್ತದೆ. ಆದರೆ ಕಿಬ್ಲಾ ಸುಮಾರು 289 ಡಿಗ್ರಿ. ಐದು ಡಿಗ್ರಿ ಎಲ್ಲಿಗೆ ಹೋಯಿತು? ನಕ್ಷೆಯ ಮೇಲಿನ ನೇರ ಗೆರೆ ರಂಬ್ ಲೈನ್, ಅಂದರೆ ಎಲ್ಲ ರೇಖಾಂಶಗಳನ್ನೂ ಒಂದೇ ಕೋನದಲ್ಲಿ ಕತ್ತರಿಸುವ ದಾರಿ. ಗೋಳದ ಮೇಲಿನ ಅತಿ ಹತ್ತಿರದ ದಾರಿ ಗ್ರೇಟ್ ಸರ್ಕಲ್. ಉತ್ತರ ಗೋಳಾರ್ಧದಲ್ಲಿ ಅದು ಉತ್ತರದ ಕಡೆಗೆ ಬಾಗಿ ಹೋಗುತ್ತದೆ. ಎರಡರ ನಡುವಿನ ಅಂತರಕ್ಕೆ ಕನ್ವರ್ಶನ್ ಆ್ಯಂಗಲ್ ಎಂದು ಹೆಸರು: ರೇಖಾಂಶ ವ್ಯತ್ಯಾಸದ ಅರ್ಧವನ್ನು ಸರಾಸರಿ ಅಕ್ಷಾಂಶದ ಸೈನ್‌ನಿಂದ ಗುಣಿಸಬೇಕು. ಮಂಗಳೂರು ಸುಮಾರು 75 ಡಿಗ್ರಿ ಪೂರ್ವ, ಮಕ್ಕಾ ಸುಮಾರು 40. ವ್ಯತ್ಯಾಸ 35, ಅರ್ಧ 17.5. ಅಕ್ಷಾಂಶ ನಮ್ಮದು 13, ಅಲ್ಲಿಯದು 21.5, ಸರಾಸರಿ 17ರ ಆಸುಪಾಸು. ಅದರ ಸೈನ್ 0.29. ಗುಣಿಸಿದರೆ ಐದು. ನಿಮ್ಮ ಗಣಿತಕ್ಕೆ ಮೀರಿದ್ದು ಇದರಲ್ಲಿ ಏನೂ ಇಲ್ಲ.

ಗ್ಲೋಬ್ ಅಥವಾ ಒಂದು ಚೆಂಡು ಕೈಯಲ್ಲಿ ಹಿಡಿದು ಇದನ್ನು ತೋರಿಸುವ ಶಿಕ್ಷಕರು ಸಿಕ್ಕಿದರೆ ಆ ಕೋರ್ಸ್ ಒಳ್ಳೆಯದು. "ಫಾರ್ಮುಲಾ ಇದು, ಪ್ರಶ್ನೆ ಹೀಗೇ ಬರುತ್ತದೆ, ಉತ್ತರ ಸಿ" ಎನ್ನುವವರಾದರೆ ಬಿಟ್ಟುಬಿಡಿ. ಪ್ರಶ್ನೆ ಸಂಗ್ರಹಗಳು ಅಭ್ಯಾಸಕ್ಕೆ ಬೇಕು, ಆದರೆ ಅವು ಎಲ್ಲ ಕಡೆಯೂ ಅಗ್ಗಕ್ಕೆ ಸಿಗುತ್ತವೆ. ನೀವು ಬಿಡಿಸಿದ ಲೆಕ್ಕದ ಫೋಟೋ ಕಳುಹಿಸಿದರೆ ಯಾರಾದರೂ ನೋಡಿ, ಇಂಥ ಸಾಲಿನಲ್ಲಿ ತಪ್ಪಿದ್ದೀರಿ ಎಂದು ತಿದ್ದುತ್ತಾರೆಯೇ, ಎಷ್ಟು ದಿನದೊಳಗೆ? ಸೇರುವ ಮುನ್ನ ಇದನ್ನು ಬರಹದಲ್ಲಿ ಕೇಳಿ ಪಡೆಯಿರಿ. ಫ್ಲೈಟ್ ಕಂಪ್ಯೂಟರ್ ಎನ್ನುವ ದುಂಡನೆಯ ಸ್ಲೈಡ್ ರೂಲ್ ತಿರುಗಿಸುವುದನ್ನಂತೂ ರೆಕಾರ್ಡ್ ಆದ ವಿಡಿಯೋ ಮಾತ್ರ ನೋಡಿ ಕಲಿಯುವುದು ಕಷ್ಟ.

ಪಾಠದ ಸಾಮಗ್ರಿ ಹಳತೋ ಹೊಸತೋ ಎಂದು ತಿಳಿಯಲು ಸುಲಭದ ದಾರಿಯಿದೆ. 1934ರ ಏರ್‌ಕ್ರಾಫ್ಟ್ ಆಕ್ಟ್ ಹೋಗಿ ಭಾರತೀಯ ವಾಯುಯಾನ ಅಧಿನಿಯಮ 2024 ಬಂದಿದೆ, 2025ರ ಜನವರಿ 1ರಿಂದ ಜಾರಿಯಲ್ಲಿದೆ. ಅದರೊಂದಿಗೆ ಆರ್‌ಟಿಆರ್ ಪರೀಕ್ಷೆಯ ಹೊಣೆ ದೂರಸಂಪರ್ಕ ಇಲಾಖೆಯಿಂದ ಡಿಜಿಸಿಎಗೆ ಬಂತು. ಏರ್ ರೆಗ್ಯುಲೇಶನ್ಸ್ ನೋಟ್ಸ್ ಇನ್ನೂ 1934ರಲ್ಲೇ ನಿಂತಿದ್ದರೆ ನಿಮಗೆ ಮಾರುತ್ತಿರುವುದು ಹಳೆಯ ಸರಕು.

ಆರೂ ಸೇರಿಸಿದ 'ಫುಲ್ ಪ್ಯಾಕೇಜ್' ಕೊಳ್ಳಲು ಅವಸರ ಬೇಡ. ಟೆಕ್ನಿಕಲ್ ಸ್ಪೆಸಿಫಿಕ್ ಒಂದು ನಿರ್ದಿಷ್ಟ ಮಾದರಿಯ ವಿಮಾನದ ಮೇಲಿನ ಪತ್ರಿಕೆ. ನೀವು ಸೆಸ್ನಾ 172ರಲ್ಲಿ ಕಲಿಯುತ್ತೀರೋ ಬೇರೊಂದರಲ್ಲೋ ಎಂಬುದು ಫ್ಲೈಯಿಂಗ್ ಸ್ಕೂಲ್ ಗೊತ್ತಾದ ಮೇಲಿನ ಮಾತು. ಆರ್‌ಟಿಆರ್‌ನಲ್ಲಿ ಬಾಯಿ ಬಿಟ್ಟು ಮಾತನಾಡಬೇಕು. ಅದಕ್ಕೆ ಎದುರು ಒಬ್ಬರು ಬೇಕು. ನ್ಯಾವಿಗೇಶನ್, ಮೀಟಿಯರಾಲಜಿ, ರೆಗ್ಯುಲೇಶನ್ಸ್ ಈ ಮೂರಕ್ಕೆ ಸೇರಿ ಆರಂಭಿಸಿದರೆ ಸಾಕು. ತಿಂಗಳ ಕಂತಿನಲ್ಲಿ ಫೀಸು ತೆಗೆದುಕೊಳ್ಳುವವರನ್ನೇ ಹುಡುಕಿ. ಲೈವ್ ತರಗತಿ ರಾತ್ರಿಯಾದರೆ ರೆಕಾರ್ಡಿಂಗ್ ಎಷ್ಟು ದಿನ ಇರುತ್ತದೆ ಎಂದೂ ಕೇಳಿ, ರಂಜಾನಿನಲ್ಲಿ ತರಾವೀಹ್ ಹೊತ್ತಿಗೇ ಪಾಠ ಬಂದೀತು.

ಇಷ್ಟೆಲ್ಲ ಹೇಳಲು ಕಾರಣ ಕೋರ್ಸಿನ ಫೀಸಲ್ಲ, ಅದರ ಮುಂದಿನದ್ದು. ಹಾರಾಟದ ತರಬೇತಿಗೆ ಹತ್ತಾರು ಲಕ್ಷ ಬೇಕು. ಬಡ್ಡಿಯ ಸಾಲ ಬೇಡವೆನ್ನುವ ಮನೆಗಳು ನಮ್ಮಲ್ಲಿ ಹೆಚ್ಚು. ಅಲ್ಲಿ ಆ ಹಣ ಬರುವುದು ಗಲ್ಫಿನ ಉಳಿತಾಯದಿಂದ, ಉಮ್ಮನ ಚಿನ್ನದಿಂದ, ಇಲ್ಲವೇ ಜಾಗ ಮಾರಿ. ಥಿಯರಿ ಮತ್ತು ಹಾರಾಟ ಎರಡಕ್ಕೂ ಒಟ್ಟಿಗೆ ಮುಂಗಡ ಕೇಳುವವರಿಗೆ ಕೊಡಬೇಡಿ. ಮೆಡಿಕಲ್ ಆಗಲಿ, ಮೂರು ಪತ್ರಿಕೆ ಪಾಸಾಗಲಿ, ಆಮೇಲೆ ಮನೆಯವರ ಜೊತೆ ಕುಳಿತು ಮಾತಾಡಿ. ನ್ಯಾವಿಗೇಶನ್ ಎರಡು ಮೂರು ಸಲ ಬರೆದೂ ಮನಸ್ಸು ಒಗ್ಗದಿದ್ದರೆ ಹೋದದ್ದು ಕೆಲವು ತಿಂಗಳು; ಜಾಗ ಜಾಗದಲ್ಲೇ ಇರುತ್ತದೆ. ಒಗ್ಗಿದರೆ ಬೆಂಗಳೂರಿನ ಜಕ್ಕೂರಿನ ಸರಕಾರಿ ತರಬೇತಿ ಶಾಲೆ, ಪ್ರವೇಶ ಪರೀಕ್ಷೆ ನಡೆಸುವ ಉತ್ತರ ಪ್ರದೇಶದ ಫುರ್ಸತ್‌ಗಂಜಿನ ಇಗ್ರುವಾ, ಇವುಗಳ ಪ್ರಕಟಣೆಗಳನ್ನು ಗಮನಿಸುತ್ತಿರಿ. ಇಗ್ರುವಾ ಪ್ರವೇಶ ಪರೀಕ್ಷೆಯಲ್ಲಿ ಕೇಳುವುದೂ ಮುಖ್ಯವಾಗಿ ಇಂಗ್ಲಿಷ್, ಗಣಿತ, ಭೌತಶಾಸ್ತ್ರ, ತಾರ್ಕಿಕ ಪ್ರಶ್ನೆಗಳನ್ನೇ. ಪಿಯುಸಿ ಪುಸ್ತಕಗಳನ್ನು ಈಗಲೇ ಗುಜರಿಗೆ ಹಾಕಬೇಡಿ.