ಒಂದು ಅಕ್ಷರ, ಹಲವು ಓದು

ಲಿಪಿಯು ಒಂದು ಜನಾಂಗದ ಜ್ಞಾನಸಂಪತ್ತನ್ನು ತಲೆಮಾರಿನಿಂದ ತಲೆಮಾರಿಗೆ ಸಾಗಿಸುವ ವಾಹಕ. ಕನ್ನಡದ ಬಾಲಕನು ವರ್ಣಮಾಲೆ, ಕಾಗುಣಿತ, ಒತ್ತಕ್ಷರಗಳನ್ನು ಕಲಿತನೆಂದರೆ ಯಾವ ಗ್ರಂಥವನ್ನಾದರೂ, ಅರ್ಥ ತಿಳಿಯದಿದ್ದರೂ, ಗಟ್ಟಿಯಾಗಿ ಓದಬಲ್ಲನು. ಜಪಾನಿನ ಬಾಲಕನಿಗೆ ಈ ಸೌಕರ್ಯವಿಲ್ಲ. ಅವನು ಹಿರಗಾನ, ಕತಕಾನ ಎಂಬ ಎರಡು ಬಗೆಯ ಧ್ವನ್ಯಕ್ಷರಗಳನ್ನು ಕಲಿತ ಮೇಲೆಯೂ ಚೀನಾದಿಂದ ಬಂದ ‘ಕಾಂಜಿ’ ಎಂಬ ಅರ್ಥಾಕ್ಷರಗಳನ್ನು ಕಲಿಯಬೇಕು. ೨೦೨೦ರಿಂದ ಜಾರಿಯಲ್ಲಿರುವ ಪಠ್ಯಕ್ರಮದಂತೆ ಪ್ರಾಥಮಿಕ ಶಾಲೆಯ ಆರು ವರ್ಷಗಳಲ್ಲಿ ೧,೦೨೬ ಕಾಂಜಿಗಳನ್ನು ಕಲಿಸಲಾಗುತ್ತದೆ. ಸಾಮಾನ್ಯ ಬಳಕೆಗೆಂದು ೨೦೧೦ರಲ್ಲಿ ಪ್ರಕಟವಾದ ಪಟ್ಟಿಯಲ್ಲಿರುವ ಅಕ್ಷರಗಳ ಸಂಖ್ಯೆ ೨,೧೩೬.

ಆದರೆ ಸಂಖ್ಯೆಗಿಂತಲೂ ದೊಡ್ಡ ತೊಡಕು ಬೇರೊಂದಿದೆ. ಒಂದೇ ಕಾಂಜಿಗೆ ಅನೇಕ ವೇಳೆ ಎರಡು, ಮೂರು, ನಾಲ್ಕು ಬಗೆಯ ಓದುಗಳಿರುತ್ತವೆ. ಇದರ ಮರ್ಮವನ್ನು ಅರಿಯಲು ಒಂದೇ ಅಕ್ಷರದ ಪರಿಶೀಲನೆ ಸಾಕು. ಒಂದನೆಯ ತರಗತಿಯ ಮಕ್ಕಳು ಕಲಿಯುವ ೮೦ ಅಕ್ಷರಗಳಲ್ಲಿ ಒಂದಾದ ‘ಸೂರ್ಯ’ನ ಅಕ್ಷರವು ಇದಕ್ಕೆ ತಕ್ಕ ನಿದರ್ಶನ.

ಮೂರು ಸಾವಿರ ವರ್ಷಗಳಿಗೂ ಹಿಂದೆ ಚೀನಾದ ಜನರು ಆಮೆಯ ಚಿಪ್ಪು ಮತ್ತು ಎಲುಬುಗಳ ಮೇಲೆ ಸೂರ್ಯನ ಚಿತ್ರವನ್ನು ಕೊರೆಯುತ್ತಿದ್ದರು. ಬಿಂಬದ ಹೊರಗೆರೆ, ನಡುವೆ ಒಂದು ಗುರುತು. ಇಷ್ಟೇ ಆ ಚಿತ್ರ. ಕಾಲಕ್ರಮದಲ್ಲಿ ಅದು ಉದ್ದನೆಯ ಚೌಕವಾಗಿ, ನಡುವಣ ಗುರುತು ಅಡ್ಡಗೆರೆಯಾಗಿ ಮಾರ್ಪಟ್ಟಿತು. ಇಂದು ಇದನ್ನು ನಾಲ್ಕು ಗೆರೆಗಳಲ್ಲಿ ಬರೆಯುತ್ತಾರೆ. ಮೊದಲು ಎಡದ ನೇರಗೆರೆ. ಅನಂತರ ಮೇಲಿನಿಂದ ಬಲಕ್ಕೆ ಸಾಗಿ ಕೆಳಗಿಳಿಯುವ ಒಂದೇ ಗೆರೆ. ಬಳಿಕ ನಡುವಣ ಅಡ್ಡಗೆರೆ. ಕೊನೆಗೆ ತಳದ ಗೆರೆ. ಸೂರ್ಯ ಎಂಬ ಮೂಲಾರ್ಥದಿಂದ ‘ದಿನ’ ಎಂಬ ಅರ್ಥವೂ ಇದಕ್ಕೆ ಪ್ರಾಪ್ತವಾಯಿತು.

ಓದುಗಳು ಹಲವಾದುದಕ್ಕೆ ಇತಿಹಾಸವೇ ಕಾರಣ. ಚೀನಾದ ಲಿಪಿ ಜಪಾನಿಗೆ ಬರುವ ಮೊದಲೇ ಅಲ್ಲಿನ ಜನರಿಗೆ ತಮ್ಮದೇ ಆದ ಭಾಷೆಯಿತ್ತು. ಸೂರ್ಯನಿಗೂ ದಿನಕ್ಕೂ ಅವರು ‘ಹಿ’ ಎನ್ನುತ್ತಿದ್ದರು. ದಿನಗಳನ್ನು ಎಣಿಸುವಾಗ ‘ಕಾ’ ಎಂಬ ರೂಪವಿತ್ತು. ಹೊಸ ಅಕ್ಷರವನ್ನು ಈ ದೇಶೀಯ ಪದಗಳಿಂದ ಓದಿದರು. ಜೊತೆಗೆ ಚೀನೀ ಉಚ್ಚಾರಣೆಯನ್ನೂ ಸ್ವೀಕರಿಸಿದರು. ಆ ಉಚ್ಚಾರಣೆಯೂ ಒಂದೇ ಸಲ ಬಂದುದಲ್ಲ. ಮೊದಲು ಬಂದುದು ‘ನಿಚಿ’. ತಾಂಗ್ ರಾಜರ ಕಾಲದಲ್ಲಿ ಚೀನಾದ ರಾಜಧಾನಿಗೆ ಹೋಗಿ ಬಂದ ಭಿಕ್ಷುಗಳೂ ವಿದ್ಯಾರ್ಥಿಗಳೂ ಅಲ್ಲಿನ ಉಚ್ಚಾರಣೆಯನ್ನು ತಂದರು. ‘ಜಿತ್ಸು’ ಎಂಬ ಓದು ಆಗ ನೆಲೆಗೊಂಡಿತು. ಹೊಸದು ಬಂದಿತೆಂದು ಹಳೆಯದನ್ನು ಅವರು ಕೈಬಿಡಲಿಲ್ಲ.

ಇದು ವಿಚಿತ್ರವೆನಿಸಬಹುದು. ಆದರೆ ಕನ್ನಡಿಗರೂ ದಿನನಿತ್ಯ ಇಂತಹುದೇ ಕೆಲಸವನ್ನು ಅಂಕಿಗಳ ವಿಷಯದಲ್ಲಿ ಮಾಡುತ್ತಾರೆ. ‘೧’ ಎಂಬ ಗುರುತನ್ನು ‘ಒಂದು’ ಎಂದು ಓದುವವನೇ ‘೧ನೆಯ ಬಹುಮಾನ’ ಎಂಬಲ್ಲಿ ‘ಮೊದಲನೆಯ’ ಎಂದೂ, ‘೧೧’ ಎಂಬಲ್ಲಿ ‘ಹನ್ನೊಂದು’ ಎಂದೂ ಓದುತ್ತಾನೆ. ಗುರುತು ಅರ್ಥವನ್ನು ನೀಡುತ್ತದೆ. ಉಚ್ಚಾರಣೆಯನ್ನು ನಿರ್ಣಯಿಸುವುದು ಅದರ ನೆರೆಹೊರೆ. ಕಾಂಜಿಯ ರಹಸ್ಯವೂ ಇದೇ.

ಸೂರ್ಯೋದಯಕ್ಕೆ ‘ಹಿನೋದೆ’ ಎನ್ನುವಾಗ ಈ ಅಕ್ಷರ ‘ಹಿ’. ತಿಂಗಳ ಮೂರನೆಯ ದಿನವಾದ ‘ಮಿಕ್ಕಾ’ದಲ್ಲಿ ಅದೇ ‘ಕಾ’. ವಾರದ ಕೆಲಸದ ದಿನವೆಂಬ ಅರ್ಥದ ‘ಹೇಜಿತ್ಸು’ವಿನಲ್ಲಿ ‘ಜಿತ್ಸು’. ‘ನಿಚಿಯೋಬಿ’ ಎಂದರೆ ಭಾನುವಾರ. ಅದರ ಆದಿಯಲ್ಲಿಯೂ ಅಂತ್ಯದಲ್ಲಿಯೂ ಇದೇ ಅಕ್ಷರವಿದ್ದು, ಮೊದಲಲ್ಲಿ ‘ನಿಚಿ’ ಎಂದೂ ಕೊನೆಯಲ್ಲಿ ‘ಬಿ’ ಎಂದೂ ಓದಲ್ಪಡುತ್ತದೆ. ‘ಹಿ’ ಎಂಬುದು ‘ಬಿ’ ಆದುದು ಕನ್ನಡದ ಆದೇಶಸಂಧಿಯನ್ನು ನೆನಪಿಗೆ ತರುತ್ತದೆ. ಹಳಗನ್ನಡದ ‘ಪನಿ’ ಹೊಸಗನ್ನಡದಲ್ಲಿ ‘ಹನಿ’ಯಾದರೂ ‘ಕಂಬನಿ’ಯಲ್ಲಿ ಬಕಾರವೇ ಉಳಿದಿದೆ. ಜಪಾನೀ ಹಕಾರವೂ ಪ್ರಾಚೀನ ಕಾಲದಲ್ಲಿ ಪಕಾರವಾಗಿತ್ತೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಇದು ಎರಡು ಭಾಷೆಗಳ ಬಾಂಧವ್ಯಕ್ಕೆ ಸಾಕ್ಷಿಯಲ್ಲವಾದರೂ ಕನ್ನಡ ವಿದ್ಯಾರ್ಥಿಯ ನೆನಪಿಗೆ ಒಳ್ಳೆಯ ಊರುಗೋಲು.

ಇನ್ನೂ ಸೂಕ್ಷ್ಮವಾದ ಪ್ರಸಂಗಗಳುಂಟು. ‘ಒಂದು’, ‘ದಿನ’ ಎಂಬ ಎರಡು ಅಕ್ಷರಗಳನ್ನು ಜೊತೆಯಲ್ಲಿ ಬರೆದಾಗ ಒಂದು ದಿನದ ಅವಧಿಯೆಂದಾದರೆ ‘ಇಚಿನಿಚಿ’. ತಿಂಗಳ ಮೊದಲ ದಿನವೆಂದಾದರೆ ‘ತ್ಸುಯಿತಾಚಿ’. ಇಲ್ಲಿ ವಾಕ್ಯದ ಸಂದರ್ಭವೇ ಗುರು. ‘ಈಗ’, ‘ದಿನ’ ಎಂಬ ಅಕ್ಷರಗಳು ಕೂಡಿ ‘ಇಂದು’ ಎಂಬರ್ಥದ ‘ಕ್ಯೋ’ ಆಗುತ್ತದೆ. ಯಾವ ಅಕ್ಷರಕ್ಕೆ ಯಾವ ಧ್ವನಿಯೆಂದು ಇಲ್ಲಿ ಬಿಡಿಸಿ ಹೇಳಲಾಗದು.

ಇಷ್ಟು ತೊಡಕಿನ ಲಿಪಿ ಏತಕ್ಕೆ ಎಂಬ ಪ್ರಶ್ನೆ ಜಪಾನಿನಲ್ಲಿಯೇ ಎದ್ದಿತ್ತು. ಕಾಂಜಿಯನ್ನು ತ್ಯಜಿಸಿದರೆ ವಿದ್ಯೆ ಸರ್ವರಿಗೂ ಸುಲಭವಾದೀತೆಂದು ಮಾಯೆಜಿಮಾ ಹಿಸೋಕಾ ಎಂಬವರು ೧೮೬೬ರಲ್ಲಿ ಆಳುವವರಿಗೆ ಬಿನ್ನವಿಸಿಕೊಂಡರು. ಮಹಾಯುದ್ಧಾನಂತರ ೧೯೪೬ರಲ್ಲಿ ಬಳಕೆಯನ್ನು ೧,೮೫೦ ಅಕ್ಷರಗಳಿಗೆ ಮಿತಗೊಳಿಸಲಾಯಿತು. ಆದರೂ ಕಾಂಜಿ ಅಳಿಯಲಿಲ್ಲ. ‘ಕಗಾಕು’ ಎಂಬ ಒಂದೇ ಧ್ವನಿಗೆ ವಿಜ್ಞಾನವೆಂದೂ ರಸಾಯನಶಾಸ್ತ್ರವೆಂದೂ ಅರ್ಥವಿದೆ. ಕಿವಿಗೆ ತಿಳಿಯದ ಈ ಭೇದವನ್ನು ಕಾಂಜಿ ಕಣ್ಣಿಗೆ ತೋರಿಸಿಕೊಡುತ್ತದೆ.

ಉದ್ಯೋಗಕ್ಕಾಗಿಯೋ ಉನ್ನತ ವ್ಯಾಸಂಗಕ್ಕಾಗಿಯೋ ಜಪಾನೀ ಕಲಿಯಲು ಹೊರಟವರು ‘ನಿಚಿ, ಜಿತ್ಸು, ಹಿ, ಕಾ’ ಎಂದು ಪಟ್ಟಿಯನ್ನು ಬಾಯಿಪಾಠ ಮಾಡುವುದುಂಟು. ಪಟ್ಟಿ ನಾಲಗೆಯ ಮೇಲಿದ್ದರೂ ಪುಸ್ತಕ ತೆರೆದಾಗ ಯಾವ ಓದು ಎಲ್ಲಿಗೆ ಎಂಬುದು ತಿಳಿಯದು. ಜಪಾನಿನ ಮಕ್ಕಳ ಪುಸ್ತಕಗಳಲ್ಲಿ ಕಾಂಜಿಯ ಪಕ್ಕದಲ್ಲಿ ಅದರ ಓದನ್ನು ಸಣ್ಣ ಧ್ವನ್ಯಕ್ಷರಗಳಲ್ಲಿ ಮುದ್ರಿಸಿರುತ್ತಾರೆ. ಮಗು ಅಕ್ಷರವನ್ನು ಪದದೊಡನೆ, ಪದವನ್ನು ವಾಕ್ಯದೊಡನೆ ಕಾಣುತ್ತಾ ಬೆಳೆಯುತ್ತದೆ. ಗೆರೆಗಳ ಕ್ರಮವನ್ನು ಕೈ ಕಲಿಯಲಿ, ಅರ್ಥವನ್ನು ಮನಸ್ಸು ಹಿಡಿಯಲಿ. ಓದನ್ನು ಮಾತ್ರ ಪದಗಳಿಂದಲೇ ಕಲಿಯುವುದು ಲೇಸು.

ಒಂಟಿಯಾಗಿ ನಿಂತ ಅಕ್ಷರ ತನ್ನ ಓದನ್ನು ಪೂರ್ಣವಾಗಿ ಬಿಟ್ಟುಕೊಡುವುದಿಲ್ಲ. ಸಂಗದಲ್ಲಿ ಅದು ಸ್ಪಷ್ಟವಾಗುತ್ತದೆ. ಸಂಗದ ಮಹಿಮೆಯನ್ನು ಸಾರಿದ ಶರಣರ ನಾಡಿನ ವಿದ್ಯಾರ್ಥಿಗಳಿಗೆ ಈ ಮಾತು ಹೊಸದಲ್ಲ. ದೂರದ ನಾಡಿನ ನಾಲ್ಕು ಗೆರೆಯ ಈ ಅಕ್ಷರವೂ ಅದನ್ನೇ ಬೇರೊಂದು ಬಗೆಯಲ್ಲಿ ನೆನಪಿಸುತ್ತದೆ.